ಪರದೆಯ ಬೆಳಕು, ಕೋಣೆಯ ಬೆಳಕು

ಇಂದು ಮನೆಗೆ ಕೊಳ್ಳಬಹುದಾದ ಚಪ್ಪಟೆ ಟಿವಿಗಳಲ್ಲಿ ಮೂಲತಃ ಎರಡೇ ಜಾತಿ. ಒಂದರಲ್ಲಿ ಪರದೆಯ ಹಿಂದೆ ದೀಪಗಳು ಉರಿಯುತ್ತಿರುತ್ತವೆ. ಮುಂದಿನ ಪದರ ಆ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಮಾತ್ರ ನೋಡಿಕೊಳ್ಳುತ್ತದೆ. ಇನ್ನೊಂದರಲ್ಲಿ ಹಿಂದೆ ದೀಪವೇ ಇಲ್ಲ. ಪರದೆಯ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂದು ಮಾರಾಟವಾಗುವವೆಲ್ಲ ಮೊದಲ ಜಾತಿಯವು. ಓಎಲ್‌ಇಡಿ ಎರಡನೆಯದು. ಇವು ಒಂದೇ ಸರಕಿನ ಮೇಲು, ಕೀಳು ದರ್ಜೆಗಳಲ್ಲ. ಬೆಳಕು ಹುಟ್ಟುವ ಬಗೆಯೇ ಬೇರೆ. ಆದ್ದರಿಂದ ದುಬಾರಿಯಾದದ್ದು ಎಲ್ಲ ಮನೆಗೂ ಒಳ್ಳೆಯದು ಎನ್ನುವಂತಿಲ್ಲ. ಟಿವಿ ಇಡುವ ಕೋಣೆಗೆ ಎಷ್ಟು ಬೆಳಕು ಬರುತ್ತದೆ, ನೋಡುವವರು ಎಲ್ಲೆಲ್ಲಿ ಕೂರುತ್ತಾರೆ, ದಿನವೂ ಏನು ನೋಡುತ್ತಾರೆ ಎಂಬ ಮೂರು ಸಂಗತಿಗಳೇ ಆಯ್ಕೆಯನ್ನು ನಿರ್ಧರಿಸುತ್ತವೆ.

ಮೊದಲ ಜಾತಿಯ ಟಿವಿಯಲ್ಲಿ ಬೆಳಕನ್ನು ಹತೋಟಿಯಲ್ಲಿಡುವುದು ದ್ರವಸ್ಫಟಿಕ. ದ್ರವದಂತೆ ಹರಿದರೂ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ಶಿಸ್ತಿಗೆ ಒಳಪಟ್ಟಿರುವ ಈ ವಿಚಿತ್ರ ಸ್ಥಿತಿಯನ್ನು 1888ರಲ್ಲಿ ಗಮನಿಸಿದವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಜರ್. ಕೊಲೆಸ್ಟರಾಲ್‌ನಿಂದ ತಯಾರಿಸಿದ ಒಂದು ಸಂಯುಕ್ತವನ್ನು ಅವರು ಕಾಯಿಸಿದಾಗ ಅದು 145 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ ಮಬ್ಬು ದ್ರವವಾಯಿತು. 178 ಡಿಗ್ರಿಯ ಹೊತ್ತಿಗೆ ಮತ್ತೊಮ್ಮೆ ಬದಲಾಗಿ ತಿಳಿಯಾಯಿತು. ಒಂದೇ ವಸ್ತು ಎರಡು ಸಲ ಕರಗಿದಂತೆ ಕಂಡ ಈ ಪ್ರಯೋಗ ಬಹುಕಾಲ ವಿಜ್ಞಾನಿಗಳ ಕುತೂಹಲವಾಗಿಯೇ ಉಳಿಯಿತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್ಮೈಯರ್ ಮತ್ತು ಸಂಗಡಿಗರು ದ್ರವಸ್ಫಟಿಕದಿಂದ ಪ್ರದರ್ಶನ ಫಲಕ ಮಾಡಬಹುದೆಂದು ತೋರಿಸಿದರು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಹೆಮ್ಮೆಯ ಪಾಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ವಿಭಾಗವನ್ನು ಕಟ್ಟಿ, ಬಳಿಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಪ್ರೊ. ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ 1977ರಲ್ಲಿ ಹೊಸ ಬಗೆಯ ದ್ರವಸ್ಫಟಿಕವನ್ನು ಕಂಡುಹಿಡಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಿಂದಲೇ ದ್ರವಸ್ಫಟಿಕ ಆಗುತ್ತದೆಂಬ ನಂಬಿಕೆಯಿತ್ತು. ಬಿಲ್ಲೆಯಾಕಾರದ ಅಣುಗಳಿಂದಲೂ ಆಗುತ್ತದೆಂದು ಈ ತಂಡ ತೋರಿಸಿತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ಅಂಥ ಬಿಲ್ಲೆ ಅಣುಗಳ ತೆಳು ಹಾಳೆಯನ್ನು ಕಂಪ್ಯೂಟರ್ ಪರದೆಗಳಿಗೆ ತಯಾರಿಸಿತು. ಪಕ್ಕದಿಂದ ನೋಡಿದಾಗ ಬಣ್ಣ ಕೆಡುವ ದೋಷವನ್ನು ಆ ಹಾಳೆ ಬಹುಮಟ್ಟಿಗೆ ತಗ್ಗಿಸಿತು.

ದ್ರವಸ್ಫಟಿಕ ತಾನಾಗಿ ಬೆಳಗುವುದಿಲ್ಲ. ಅದರ ಪ್ರತಿಯೊಂದು ಚುಕ್ಕೆ, ಅಂದರೆ ಪಿಕ್ಸೆಲ್, ಕಿಟಕಿಯ ಬಾಗಿಲಿನಂತೆ: ವಿದ್ಯುತ್ತಿನ ಸೂಚನೆಗೆ ತಕ್ಕಂತೆ ತೆರೆಯುತ್ತದೆ, ಅರೆ ತೆರೆಯುತ್ತದೆ, ಮುಚ್ಚುತ್ತದೆ. ಮುಂದಿರುವ ಕೆಂಪು, ಹಸಿರು, ನೀಲಿ ಸೋಸುಪದರಗಳು ಬಣ್ಣ ಕೊಡುತ್ತವೆ. ಈ ಪದರಗಳೆಲ್ಲ ನುಂಗಿ ಉಳಿಸುವ ಬೆಳಕು ತೀರ ಕಡಿಮೆ. ಹಿಂದಿನ ದೀಪಗಳ ಬೆಳಕಿನಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಕಣ್ಣಿಗೆ ತಲುಪುವುದು ಅಪರೂಪ. ಮೊದಮೊದಲು ಹಿಂಬೆಳಕಿಗೆ ಸಪೂರ ಟ್ಯೂಬ್‌ಲೈಟುಗಳಿದ್ದವು, ಅವುಗಳಲ್ಲಿ ಪಾದರಸವಿತ್ತು. ನೀಲಿ ಎಲ್‌ಇಡಿ ಬಂದ ಮೇಲೆ ಬಿಳಿ ಬೆಳಕಿನ ಪುಟ್ಟ ದೀಪಗಳು ಸಾಧ್ಯವಾದವು. ಆ ಶೋಧಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಈಗ ಎಲ್‌ಇಡಿ ಟಿವಿ ಎಂದು ಕೊಳ್ಳುವುದು ಎಲ್‌ಇಡಿ ಹಿಂಬೆಳಕಿರುವ ದ್ರವಸ್ಫಟಿಕ ಟಿವಿಯನ್ನೇ.

ಅಗ್ಗದ ಮತ್ತು ಮಧ್ಯಮ ಬೆಲೆಯ ಎಲ್‌ಇಡಿ ಟಿವಿಗಳಲ್ಲಿ ಫಲಕ ಎರಡು ಬಗೆಯದಾಗಿರುತ್ತದೆ: ವಿಎ ಮತ್ತು ಐಪಿಎಸ್. ಜಾಹೀರಾತು ಇದನ್ನು ಹೇಳುವುದು ಕಡಿಮೆ, ಆದರೆ ಮನೆಯಲ್ಲಿ ಪ್ರತಿದಿನ ಅನುಭವಕ್ಕೆ ಬರುವುದು ಇದೇ. ವಿಎ ಫಲಕ ಕಪ್ಪನ್ನು ಚೆನ್ನಾಗಿ ತೋರುತ್ತದೆ. ಅದರ ಅತಿ ಬಿಳುಪು ಅತಿ ಕಪ್ಪಿಗಿಂತ ಸುಮಾರು ಮೂರು ಸಾವಿರ ಪಟ್ಟು ಅಥವಾ ಅದಕ್ಕಿಂತಲೂ ಪ್ರಕಾಶಮಾನ. ಐಪಿಎಸ್‌ನಲ್ಲಿ ಈ ಅಂತರ ಸಾವಿರ ಪಟ್ಟಿನ ಆಸುಪಾಸು, ಆದ್ದರಿಂದ ಕತ್ತಲೆ ಕೋಣೆಯಲ್ಲಿ ಕಪ್ಪು ಬೂದುಬಣ್ಣವಾಗಿ ಕಾಣುತ್ತದೆ. ಆದರೆ ಪಕ್ಕದಿಂದ ನೋಡಿದರೂ ಐಪಿಎಸ್‌ನ ಬಣ್ಣ ಹೆಚ್ಚು ಮಾಸುವುದಿಲ್ಲ. ಅಜ್ಜಿ ಮೂಲೆಯ ಕುರ್ಚಿಯಲ್ಲಿ, ಮಕ್ಕಳು ಚಾಪೆಯ ಮೇಲೆ, ಮತ್ತೊಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಧಾರಾವಾಹಿ ನೋಡುವ ಮನೆಗೆ ಐಪಿಎಸ್ ಒಳ್ಳೆಯದು. ಎಲ್ಲರೂ ಒಂದೇ ಸೋಫಾದಲ್ಲಿ ನೇರ ಎದುರಿಗೆ ಕೂರುವ ಮನೆಗೆ ವಿಎ ಸಾಕು. ಅಂಗಡಿಯಲ್ಲಿ ಟಿವಿಯ ಎದುರಿನಿಂದ ಪಕ್ಕಕ್ಕೆ ನಿಧಾನವಾಗಿ ನಡೆದು ಬಂದರೆ ಯಾವ ಫಲಕವೆಂದು ಕಣ್ಣಿಗೇ ತಿಳಿಯುತ್ತದೆ.

ಯಾವ ಫಲಕವಾದರೂ ಮುಚ್ಚಿದ ಪಿಕ್ಸೆಲ್‌ನಿಂದ ಸ್ವಲ್ಪ ಬೆಳಕು ಸೋರುತ್ತದೆ. ಇದು ಎಲ್‌ಇಡಿ ಟಿವಿಯ ಹುಟ್ಟು ದೋಷ. ದೀಪಗಳನ್ನು ಅಂಚಿನಲ್ಲಷ್ಟೇ ಜೋಡಿಸಿದ ಟಿವಿ ತೆಳ್ಳಗಿರುತ್ತದೆ, ಆದರೆ ಪರದೆಯ ಬೆಳಕು ಎಲ್ಲೆಡೆ ಸಮನಾಗಿರುವುದು ಕಷ್ಟ. ದೀಪಗಳನ್ನು ಪರದೆಯ ಹಿಂದೆ ಪೂರ್ತಿ ಹರಡಿ, ವಲಯಗಳಾಗಿ ವಿಂಗಡಿಸಿ, ಕಪ್ಪು ಇರುವ ಕಡೆ ಆ ವಲಯದ ದೀಪಗಳನ್ನೇ ತಗ್ಗಿಸುವುದು ಇದಕ್ಕೆ ಪರಿಹಾರ. ಈ ದೀಪಗಳನ್ನು ತುಂಬ ಚಿಕ್ಕದಾಗಿಸಿ ವಲಯಗಳನ್ನು ನೂರಾರು, ಕೆಲವೊಮ್ಮೆ ಸಾವಿರಾರು ಮಾಡಿದಾಗ ಅದು ಮಿನಿ ಎಲ್‌ಇಡಿ. ಅಷ್ಟಾದರೂ ಒಂದು ವಲಯದೊಳಗೆ ಸಾವಿರಾರು ಪಿಕ್ಸೆಲ್‌ಗಳಿರುವುದರಿಂದ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಂದರೆ ಸುತ್ತ ಮಂದ ಪ್ರಭೆ ಕಾಣಬಹುದು. ಹಗಲಿನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಪರದೆಯ ಪ್ರಕಾಶವನ್ನು ಅಳೆಯುವುದು ನಿಟ್ಸ್‌ನಲ್ಲಿ; ಒಳ್ಳೆಯ ಮಿನಿ ಎಲ್‌ಇಡಿ ಸಾವಿರ ನಿಟ್ಸ್‌ಗೂ ಮೀರಿ ಕೊಡಬಲ್ಲದು. ಸಾಧಾರಣ ಎಲ್‌ಇಡಿ ಟಿವಿ ಕೊಡುವುದು ಅದರ ಮೂರನೇ ಒಂದು ಭಾಗದಷ್ಟು. ತೊಟ್ಟಿಮನೆಯ ಜಗಲಿ, ದೊಡ್ಡ ಕಿಟಕಿಗಳ ಹಾಲ್, ಬಿಸಿಲ ನಾಡಿನ ತೆರೆದ ಪಡಸಾಲೆ, ಹೀಗೆ ಹಗಲಿಡೀ ಬೆಳಕು ತುಂಬಿರುವಲ್ಲಿ ಟಿವಿ ನೋಡುವವರಿಗೆ ಮಿನಿ ಎಲ್‌ಇಡಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.

ಕ್ಯೂಎಲ್‌ಇಡಿಯ ವಿಶೇಷ ಇರುವುದು ಬಣ್ಣದಲ್ಲಿ. ನೀಲಿ ಹಿಂಬೆಳಕಿನ ಮುಂದೆ ಕ್ವಾಂಟಮ್ ಚುಕ್ಕೆಗಳ ಹಾಳೆಯೊಂದಿರುತ್ತದೆ. ಕೆಲವೇ ನ್ಯಾನೊಮೀಟರ್ ಗಾತ್ರದ ಈ ಕಣಗಳು ನೀಲಿ ಬೆಳಕನ್ನು ಹೀರಿ, ತಮ್ಮ ಗಾತ್ರಕ್ಕೆ ತಕ್ಕ ಶುದ್ಧ ಬಣ್ಣವನ್ನು ಹೊರಸೂಸುತ್ತವೆ: ಚಿಕ್ಕವು ಹಸಿರು, ಸ್ವಲ್ಪ ದೊಡ್ಡವು ಕೆಂಪು. ಈ ಕಣಗಳ ಶೋಧಕ್ಕೆ 2023ರ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ಬಣ್ಣ ಗಾಢವಾಗುವುದು ನಿಜ, ಆದರೆ ಕಪ್ಪು ಸುಧಾರಿಸುವುದಿಲ್ಲ. ವಲಯಗಳಿಲ್ಲದ ಅಗ್ಗದ ಕ್ಯೂಎಲ್‌ಇಡಿಗಿಂತ ವಲಯಗಳಿರುವ ಎಲ್‌ಇಡಿ ಚೆನ್ನಾಗಿ ಕಾಣುವುದುಂಟು.

ಓಎಲ್‌ಇಡಿಯಲ್ಲಿ ಈ ತೊಡಕುಗಳಿಲ್ಲ. ಇಂಗಾಲಯುಕ್ತ ಸಾವಯವ ವಸ್ತುವಿನ ಅತಿ ತೆಳುವಾದ ಪದರಗಳಲ್ಲಿ ವಿದ್ಯುತ್ ಹರಿದಾಗ ಅವು ಬೆಳಗುತ್ತವೆ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ ಇಂಥ ಉಪಕರಣದ ವಿವರ ಪ್ರಕಟಿಸಿದರು. ಇಪ್ಪತ್ತು ವರ್ಷ ಕಳೆದು, 2007ರಲ್ಲಿ ಸೋನಿ ಕಂಪನಿ 11 ಇಂಚಿನ ಟಿವಿ ತಂದಿತು; 2013ರಲ್ಲಿ ಎಲ್‌ಜಿಯ 55 ಇಂಚಿನದು ಬಂತು. ಪಿಕ್ಸೆಲ್ ಆರಿದರೆ ಅಲ್ಲಿ ಬೆಳಕೇ ಇಲ್ಲ, ಹಾಗಾಗಿ ಕಪ್ಪು ಪೂರ್ಣ ಕಪ್ಪು. ಪಕ್ಕದ ನೋಟದಲ್ಲೂ ಚಿತ್ರ ಹೆಚ್ಚು ಕೆಡುವುದಿಲ್ಲ, ಓಡುವ ಚೆಂಡಿನ ಹಿಂದೆ ಬಾಲ ಮೂಡುವುದಿಲ್ಲ. ದೀಪ ಆರಿಸಿ, ಕಿಟಕಿ ಮುಚ್ಚಿ ಸಿನಿಮಾ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಪರದೆ ಮನೆಗೆ ಎಟಕುವ ಬೆಲೆಯಲ್ಲಿ ಸದ್ಯಕ್ಕಿಲ್ಲ.

ಆದರೆ ಅದೇ ಪರದೆ ಬೇರೆ ಮನೆಯಲ್ಲಿ ತಪ್ಪು ಆಯ್ಕೆಯಾಗಬಹುದು. ಪರದೆ ಪೂರ್ತಿ ಬೆಳಕಿನ ದೃಶ್ಯವಾದಾಗ, ಉದಾಹರಣೆಗೆ ಬಿಸಿಲಿನ ಕ್ರಿಕೆಟ್ ಮೈದಾನ, ಓಎಲ್‌ಇಡಿ ತನ್ನ ಪ್ರಕಾಶವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇನ್ನೂ ಮುಖ್ಯವಾದದ್ದು ಸವಕಳಿ. ಸಾವಯವ ವಸ್ತು ಬೆಳಗಿದಷ್ಟೂ ಸವೆಯುತ್ತದೆ. ಒಂದೇ ಚಿತ್ರ ಒಂದೇ ಜಾಗದಲ್ಲಿ ಸಾವಿರಾರು ಗಂಟೆ ನಿಂತರೆ ಅಲ್ಲಿನ ಪಿಕ್ಸೆಲ್‌ಗಳು ಉಳಿದವಕ್ಕಿಂತ ಮೊದಲು ಮಂಕಾಗಿ ಕಲೆ ಉಳಿಯುತ್ತದೆ. ವಾರ್ತಾ ವಾಹಿನಿಗಳ ಲಾಂಛನ, ಪರದೆಯ ಕೆಳಗೆ ಸದಾ ಇರುವ ಬ್ರೇಕಿಂಗ್ ಸುದ್ದಿಯ ಕೆಂಪು ಪಟ್ಟಿ, ಪಂದ್ಯದ ಸ್ಕೋರ್ ಇವೆಲ್ಲ ಅಂಥ ನಿಂತ ಚಿತ್ರಗಳು. ತಯಾರಕರು ಚಿತ್ರವನ್ನು ಸೂಕ್ಷ್ಮವಾಗಿ ಸರಿಸುವಂಥ ಉಪಾಯಗಳಿಂದ ಅಪಾಯವನ್ನು ತಗ್ಗಿಸಿದ್ದಾರೆ, ಇಲ್ಲವಾಗಿಸಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಒಂದೇ ವಾರ್ತಾ ವಾಹಿನಿ ಓಡುವ ಮನೆಗೆ ಓಎಲ್‌ಇಡಿ ಬೇಡ.

ತಾನೇ ಬೆಳಗುವ ಪರದೆಗಳಲ್ಲಿ ಹಿರಿಯದಾದ ಪ್ಲಾಸ್ಮಾ 1964ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿತು. ಅದರ ಚಿತ್ರ ಸೊಗಸಾಗಿತ್ತು, ಆದರೆ ತೂಕವೂ ವಿದ್ಯುತ್ ಖರ್ಚೂ ಹೆಚ್ಚು. 2014ರ ಹೊತ್ತಿಗೆ ದೊಡ್ಡ ಕಂಪನಿಗಳು ತಯಾರಿಕೆ ನಿಲ್ಲಿಸಿದವು. ಬಿಡಿಭಾಗ ಸಿಗದ್ದರಿಂದ ಹಳೆಯ ಪ್ಲಾಸ್ಮಾವನ್ನು ಕಡಿಮೆ ಬೆಲೆಗೆ ಸಿಕ್ಕರೂ ಕೊಳ್ಳಬಾರದು. ಪ್ರತಿ ಪಿಕ್ಸೆಲ್ಲೂ ಅಜೈವಿಕ ಎಲ್‌ಇಡಿಯೇ ಆಗಿರುವ ಮೈಕ್ರೊ ಎಲ್‌ಇಡಿ ಸದ್ಯ ಸಾಮಾನ್ಯ ಕುಟುಂಬದ ಕೈಗೆ ಎಟಕುವುದಿಲ್ಲ.

ಗಾತ್ರದ ಲೆಕ್ಕ ಸುಲಭ. ಇಂಚು ಎಂದರೆ ಪರದೆಯ ಕರ್ಣದ ಉದ್ದ. ಅದರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದರೆ 1.6 ಪಟ್ಟು ದೂರದಲ್ಲಿ ಕೂತರೆ ಸಿನಿಮಾ ಕಣ್ಣು ತುಂಬುತ್ತದೆ. 43 ಇಂಚಿಗೆ ಆರಡಿಗಿಂತ ತುಸು ಕಡಿಮೆ, 55 ಇಂಚಿಗೆ ಏಳೂಕಾಲು ಅಡಿ, 65 ಇಂಚಿಗೆ ಒಂಬತ್ತಡಿಗೆ ಹತ್ತಿರ. ವಾರ್ತೆ, ಧಾರಾವಾಹಿಗಳಿಗೆ ಇನ್ನೂ ಹಿಂದೆ ಕೂರಬಹುದು. ಕೇಬಲ್ಲಿನಲ್ಲಿ ಬರುವ ಸಾಧಾರಣ ಗುಣಮಟ್ಟದ ವಾಹಿನಿಗಳ ಚಿತ್ರದಲ್ಲಿರುವುದು 576 ಸಾಲು ಮಾತ್ರ. ಅದನ್ನು ದೊಡ್ಡ ಪರದೆಗೆ ಹಿಗ್ಗಿಸಿ ಹತ್ತಿರದಿಂದ ನೋಡಿದರೆ ಮಸುಕಾಗಿಯೇ ಕಾಣುತ್ತದೆ, ಟಿವಿ ಎಷ್ಟೇ ಒಳ್ಳೆಯದಿರಲಿ. ಆರೋಗ್ಯವಂತ ಕಣ್ಣಿಗೂ 43 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿ ಮತ್ತು ಫೋರ್ ಕೆ ನಡುವಿನ ಭೇದ ಆರಡಿಯಾಚೆ ತಿಳಿಯುವುದು ಕಷ್ಟ. 55 ಇಂಚಿನಲ್ಲಿ ಏಯ್ಟ್ ಕೆ ಫಲ ಕೊಡಬೇಕಾದರೆ ನಾಲ್ಕಡಿಗಿಂತ ಹತ್ತಿರ ಕೂರಬೇಕು. ಆ ಸ್ಪಷ್ಟತೆಗೆ ಮನೆಯಲ್ಲಿ ಹಣ ಸುರಿಯುವ ಅಗತ್ಯವಿಲ್ಲ.

ಎಚ್‌ಡಿಆರ್ ಎಂಬ ಗುರುತು ಈಗ ಅಗ್ಗದ ಟಿವಿಗಳ ಮೇಲೂ ಇರುತ್ತದೆ. ಅದರ ಉದ್ದೇಶ ಚಿತ್ರದ ಹೊಳಪನ್ನೂ ನೆರಳನ್ನೂ ಒಟ್ಟಿಗೆ ತೋರುವುದು. ಸಂಕೇತವನ್ನು ಟಿವಿ ಸ್ವೀಕರಿಸಿದರೂ ಅಷ್ಟು ಪ್ರಕಾಶ ಪರದೆಗಿಲ್ಲದಿದ್ದರೆ ಚಿತ್ರ ಇನ್ನಷ್ಟು ಮಂಕಾಗುವುದೂ ಇದೆ. ಇನ್ನೊಂದು ಗುರುತು ಹರ್ಟ್ಸ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿಸುತ್ತದೆ ಎಂಬ ಲೆಕ್ಕ. ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದ ಸಿನಿಮಾ 120 ಹರ್ಟ್ಸ್ ಪರದೆಯಲ್ಲಿ ಸಮವಾಗಿ ಹಂಚಿಕೆಯಾಗುತ್ತದೆ, ಒಂದು ಚಿತ್ರಕ್ಕೆ ಐದು ಸರದಿ. 60 ಹರ್ಟ್ಸ್‌ನಲ್ಲಿ ಆಗುವುದಿಲ್ಲ, ಕ್ಯಾಮೆರಾ ನಿಧಾನವಾಗಿ ಸರಿಯುವಾಗ ಸಣ್ಣ ತಡವರಿಕೆ ಕಾಣಬಹುದು. ನಡುವೆ ಕೃತಕ ಚಿತ್ರಗಳನ್ನು ಸೇರಿಸಿ ನುಣುಪು ಮಾಡುವ ಸೌಲಭ್ಯವನ್ನು ಸಿನಿಮಾ ನೋಡುವಾಗ ಆರಿಸಿಡುವುದೇ ಸರಿ. ಅದು ನಿರ್ದೇಶಕರೂ ಛಾಯಾಗ್ರಾಹಕರೂ ಯೋಚಿಸಿ ಕೊಟ್ಟ ಚಲನೆಯನ್ನು ಕೆಡಿಸುತ್ತದೆ.

ಅಂಗಡಿಯ ಟಿವಿಗಳನ್ನು ಕಣ್ಣು ಕೋರೈಸುವ ವಿವಿಡ್ ವಿಧಾನದಲ್ಲಿ, ಅಲ್ಲಿಗೆಂದೇ ತಯಾರಾದ ದೃಶ್ಯಗಳೊಂದಿಗೆ ಇಟ್ಟಿರುತ್ತಾರೆ. ಅಲ್ಲಿನ ಬೆಳಕು ಮನೆಯ ಬೆಳಕಲ್ಲ. ಸಿನಿಮಾ ಅಥವಾ ಸ್ಟ್ಯಾಂಡರ್ಡ್ ವಿಧಾನಕ್ಕೆ ಬದಲಿಸಿ, ಮನೆಯಲ್ಲಿ ನೋಡುವ ವಾಹಿನಿಯನ್ನೇ ಹಾಕಿಸಿ, ಮನುಷ್ಯರ ಮುಖದ ಬಣ್ಣ ಸಹಜವಾಗಿದೆಯೇ ಎಂದು ನೋಡಬೇಕು. ಟಿವಿ ಆರಿದಾಗ ಪರದೆಯಲ್ಲಿ ಅಂಗಡಿಯ ದೀಪಗಳು ಎಷ್ಟು ಸ್ಪಷ್ಟವಾಗಿ ಪ್ರತಿಫಲಿಸುತ್ತವೆ ಎಂಬುದೂ ಮುಖ್ಯ. ಕಿಟಕಿಯ ಎದುರು ಗೋಡೆಗೆ ಟಿವಿ ಹಾಕುವ ಮನೆಯಲ್ಲಿ ಆ ಪ್ರತಿಬಿಂಬವೇ ದಿನವೂ ಕಾಡುತ್ತದೆ.

ಟಿವಿ ತೆಳ್ಳಗಾದಷ್ಟೂ ಒಳಗಿನ ಸ್ಪೀಕರಿಗೆ ಜಾಗ ಕಡಿಮೆ, ಧ್ವನಿ ಬಡವಾಗುತ್ತದೆ. ಸೌಂಡ್‌ಬಾರ್‌ಗೆಂದು ಸ್ವಲ್ಪ ಹಣ ಉಳಿಸಿಕೊಳ್ಳುವುದು ಜಾಣತನ. ಸ್ಮಾರ್ಟ್ ಸೌಲಭ್ಯಗಳಿಗಾಗಿ ಕೀಳು ಫಲಕವನ್ನು ಒಪ್ಪಿಕೊಳ್ಳಬಾರದು. ತಂತ್ರಾಂಶ ಹಳತಾದರೆ ಎಚ್‌ಡಿಎಂಐ ಕಿಂಡಿಗೆ ಸಣ್ಣ ಸ್ಟಿಕ್ ಚುಚ್ಚಿ ಸುಧಾರಿಸಬಹುದು, ಆದರೆ ಫಲಕ ಹಾಳಾದರೆ ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಗೆ ಸಮೀಪಿಸುತ್ತದೆ. ಆದ್ದರಿಂದ ಫಲಕಕ್ಕೆ ಎಷ್ಟು ವರ್ಷದ ವಾರಂಟಿ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ವೋಲ್ಟೇಜ್ ಏರಿಳಿತ ಹೆಚ್ಚಿರುವ ಊರುಗಳಲ್ಲಿ ಸ್ಟೆಬಿಲೈಸರ್ ಬೇಕು. ಮುಂಗಾರಿಗೆ ಮೊದಲು ಗುಡುಗು ಸಿಡಿಲು ಬರುವ ಮಲೆನಾಡಿನಂಥ ಕಡೆ ರಿಮೋಟಿನಿಂದ ಆರಿಸಿದರೆ ಸಾಲದು, ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡಬೇಕು. ಹೊಸದು ಬಂದ ಮೇಲೆ ಹಳೆಯ ಡಬ್ಬಾ ಟಿವಿಯನ್ನು ಗುಜರಿಯವರಿಗೆ ಹಾಕುವಂತಿಲ್ಲ. ಅದರ ಗಾಜಿನಲ್ಲಿ ಸೀಸವಿದೆ, ಒಡೆದರೆ ಮಣ್ಣಿಗೂ ನೀರಿಗೂ ಸೇರುತ್ತದೆ. ಇ-ತ್ಯಾಜ್ಯ ಸಂಗ್ರಹಿಸಲು ಪರವಾನಗಿ ಪಡೆದವರಿಗೆ ಅಥವಾ ಹಳೆಯದನ್ನು ಹಿಂಪಡೆಯುವ ಮಾರಾಟಗಾರರಿಗೆ ಅದನ್ನು ಒಪ್ಪಿಸಬೇಕು.