ನಿವೃತ್ತರ ಲೆಕ್ಕ, ನಮ್ಮ ಸಂಸ್ಥೆಗಳ ಲೆಕ್ಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ನಾನು ನೀರಾವರಿ ಕೆಲಸದಲ್ಲಿ ಆಯುಷ್ಯ ಕಳೆದವನು. ಅಂದಾಜುಪಟ್ಟಿ ಬರೆಯುವುದು ಗೊತ್ತು, ಉಪನ್ಯಾಸ ಗೊತ್ತಿಲ್ಲ. ಗೋಷ್ಠಿಯವರು 'ನಿವೃತ್ತಿ ಮತ್ತು ಕಾಯಕ' ಎಂಬ ವಿಷಯ ಕೊಟ್ಟಿದ್ದಾರೆ. ಕಾಯಕದ ಬಗ್ಗೆ ನನಗಿಂತ ಬಲ್ಲವರು ಈ ಸಭೆಯಲ್ಲೇ ಬಹಳ ಮಂದಿ ಇದ್ದಾರೆ. ಹಾಗಾಗಿ ನಾನು ದುಡ್ಡಿನ ಮಾತಾಡುತ್ತೇನೆ. ಮಠದಲ್ಲಿ ದುಡ್ಡಿನ ಮಾತೇ ಎಂದು ಯಾರೂ ಹುಬ್ಬೇರಿಸಬಾರದು. ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲೆಕ್ಕ ಕೇಳಿ ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರು ನಮ್ಮವರೇ.

ಮೊದಲು ನನ್ನಂಥವರ ಲೆಕ್ಕ. ಸರ್ಕಾರಿ ನೌಕರ 60ಕ್ಕೆ ನಿವೃತ್ತನಾದರೆ ಕೈಗೆ ಒಂದಿಷ್ಟು ಗಂಟು ಬರುತ್ತದೆ: ನಿವೃತ್ತಿ ಉಪದಾನ, ಗಳಿಕೆ ರಜೆಯ ನಗದು, ಜಿಪಿಎಫ್, ಕೆಜಿಐಡಿ, ಜೊತೆಗೆ ಪಿಂಚಣಿ ಪರಿವರ್ತನೆಯ ಹಣ. ಕೊನೆಯದು ಬೇರೆ ಜಾತಿಯದು. ಅದು ನಮ್ಮದೇ ಪಿಂಚಣಿಯ ಮೂರನೇ ಒಂದು ಪಾಲನ್ನು ಮುಂಗಡವಾಗಿ ಎತ್ತಿಕೊಳ್ಳುವುದು. ಕೊನೆಯ ಮೂಲವೇತನ 1,00,000 ಇದ್ದವನಿಗೆ ಪೂರ್ಣ ಸೇವೆಯಾಗಿದ್ದರೆ ಪಿಂಚಣಿ 50,000. ಮೂರನೇ ಒಂದನ್ನು ಪರಿವರ್ತಿಸಿಕೊಂಡರೆ 16,666 ಕಡಿತವಾಗಿ ಉಳಿಯುವುದು 33,334. ತುಟ್ಟಿಭತ್ಯೆ ಮಾತ್ರ ಪೂರ್ತಿ 50,000ದ ಮೇಲೆ ಬರುತ್ತದೆ. 2025ರ ಜನವರಿಯ ದರ ಶೇ. 12.25 ಹಿಡಿದರೆ 6,125. ಒಟ್ಟು 39,459. ಕಡಿತವಾದ ಪಾಲು ಮರಳಿ ಕೂಡಿಕೊಳ್ಳುವುದು 15 ವರ್ಷದ ಮೇಲೆ, ಅಂದರೆ 75ನೇ ವಯಸ್ಸಿಗೆ. ಅಷ್ಟರಲ್ಲಿ ಎಷ್ಟು ಜನ ಇರುತ್ತೇವೋ ಶಿವನೇ ಬಲ್ಲ.

ಈ ಮೊತ್ತ ಕಡಿಮೆಯೇನಲ್ಲ. ಏಳನೇ ವೇತನ ಆಯೋಗ 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಪಿಂಚಣಿ 8,500ರಿಂದ 13,500 ಆಯಿತು. 2022ರ ಜುಲೈಯಿಂದ 2024ರ ಜುಲೈವರೆಗೆ ನಿವೃತ್ತರಾದವರು ಉಪದಾನ, ರಜೆ ನಗದು, ಪರಿವರ್ತನೆಯ ಹಣವನ್ನೂ ಹೊಸ ವೇತನದ ಮೇಲೆಯೇ ಲೆಕ್ಕ ಹಾಕಿ ಎಂದು ಬೀದಿಗಿಳಿದು ಕೇಳಿದರು. ಅವರ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೂ ಒಟ್ಟಾರೆ ನೋಡಿದರೆ ನಾವು ಹಳೇ ಪಿಂಚಣಿಯವರು ದಡ ಸೇರಿದವರು.

ಹಾಗಿದ್ದರೂ ತಿಂಗಳ ಕೊನೆಗೆ ಯಾಕೆ ಸಾಲದು? ತುಟ್ಟಿಭತ್ಯೆ ಕಾರ್ಖಾನೆ ಕಾರ್ಮಿಕರ ಬೆಲೆ ಸೂಚ್ಯಂಕದ ಬೆನ್ನು ಹಿಡಿದು ಏರುತ್ತದೆ. ಆ ಬುಟ್ಟಿಯಲ್ಲಿ ಊಟ-ಪಾನೀಯದ ತೂಕ ಶೇ. 39ರಷ್ಟು. ಔಷಧ, ಆಸ್ಪತ್ರೆಯ ಖರ್ಚು 'ಇತರೆ' ಎಂಬ ಬಾಬತ್ತಿನೊಳಗೆ ಶಾಲೆಯ ಫೀಸು, ಬಸ್ಸಿನ ಚಾರ್ಜಿನ ಜೊತೆ ಕೂತಿದೆ. ದುಡಿಯುವ ಸಂಸಾರಕ್ಕೆ ಅದು ಸರಿಯಾದ ಅಳತೆಗೋಲು. ನನಗೆ ಬಸ್ಸೂ ಬೇಡ, ಫೀಸೂ ಇಲ್ಲ. ನಮ್ಮ ಮನೆಯಲ್ಲಿ ಸಕ್ಕರೆಗೆ ಒಂದು ಗುಳಿಗೆ, ಬಿ.ಪಿ.ಗೆ ಒಂದು, ಮನೆಯವರ ಮೊಣಕಾಲಿಗೆ ಇನ್ನೊಂದು. ಬೇರೆ ಕಾಲುವೆಗೆ ಬರೆದ ಅಳತೆಯಲ್ಲಿ ನಮ್ಮ ಕಾಲುವೆ ತೋಡಿದಂತಾಗಿದೆ.

ಉಳಿದ ಕಾರಣ ನಮ್ಮದೇ. ಗಂಟು ಬಂದ ವರ್ಷವೇ ಮಗಳ ಮದುವೆ, ಮೇಲಿನ ಮಹಡಿ. ವಾಸ್ತು ಸರಿಯಿಲ್ಲವೆಂದು ಅಡುಗೆಮನೆ ಗೋಡೆ ಒಡೆಸಿದ ನಿವೃತ್ತ ಎಂಜಿನಿಯರರನ್ನೂ ನಾನು ಬಲ್ಲೆ. ಜೀವಮಾನವೆಲ್ಲ ಭಾರದ ಲೆಕ್ಕ ಮಾಡಿದವರು ದಿಕ್ಕಿನ ಲೆಕ್ಕಕ್ಕೆ ದುಡ್ಡು ಸುರಿದರು. ವಚನ ಮಾಂಗಲ್ಯದಲ್ಲಿ ಮಂಟಪಕ್ಕೆ, ಮುಹೂರ್ತಕ್ಕೆ, ವರೋಪಚಾರಕ್ಕೆ ಲಕ್ಷಗಟ್ಟಲೆ ಉಳಿಯುತ್ತದೆಂದು ವೇದಿಕೆಯಲ್ಲಿ ಹೇಳುತ್ತೇವೆ, ನಮ್ಮ ಮಗಳ ಮದುವೆ ಬಂದಾಗ 'ಬೀಗರು ಒಪ್ಪಲಿಲ್ಲ' ಎನ್ನುತ್ತೇವೆ. ನಾನೂ ಅಂದವನೇ.

ಇನ್ನು ನಮ್ಮ ನಂತರದವರು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್. ನಿವೃತ್ತಿಯಲ್ಲಿ ಶೇ. 60 ಕೈಗೆ, ಶೇ. 40ರಲ್ಲಿ ವರ್ಷಾಶನ ಕೊಳ್ಳಬೇಕು. ಆ ವರ್ಷಾಶನಕ್ಕೆ ತುಟ್ಟಿಭತ್ಯೆ ಇಲ್ಲ. ಬೆಲೆ ವರ್ಷಕ್ಕೆ ಶೇ. 6 ಏರಿದರೆ 12 ವರ್ಷಕ್ಕೆ ಎರಡು ಪಟ್ಟಾಗುತ್ತದೆ. 60ನೇ ವಯಸ್ಸಿನ 20,000 ರೂಪಾಯಿ 72ಕ್ಕೆ 10,000ದ ಸಾಮಾನು ತರುತ್ತದೆ, 84ಕ್ಕೆ 5,000ದ್ದು. ಕೆರೆಯ ಏರಿ ಹಾಗೇ ಇರುತ್ತದೆ, ನೀರು ನಿಲ್ಲುವ ಜಾಗದಲ್ಲಿ ಹೂಳು ತುಂಬುತ್ತದೆ. ನಿಮ್ಮ ಮನೆಯಲ್ಲಿ ಇಂಥ ಮಕ್ಕಳಿದ್ದರೆ ಕಾರಿನ ಸಾಲಕ್ಕಿಂತ ಮುಂಚೆ ಈ ಲೆಕ್ಕ ತೋರಿಸಿ.

ಈಗ ನಾನು ಹೇಳಲೇಬೇಕೆಂದು ಬಂದ ಮಾತು. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪೂಜ್ಯರ ಅಪ್ಪಣೆ ಮೊದಲೇ ಪಡೆದಿದ್ದೇನೆ.

ನಿವೃತ್ತನಾದ ಮೇಲೆ ನಮ್ಮದೇ ಸಮಾಜದ ಒಂದು ವಿದ್ಯಾಸಂಸ್ಥೆಯ ಆಡಳಿತ ಮಂಡಳಿಗೆ ನನ್ನನ್ನು ಸೇರಿಸಿಕೊಂಡರು. ಹೆಸರು ಬೇಡ. ಶಾಲೆಯ ಮುಂದೆ ಒಂದು ಮಹಾದ್ವಾರ ಆಗಬೇಕೆಂದು ತೀರ್ಮಾನವಾಯಿತು. ನಕ್ಷೆ, ಅಂದಾಜುಪಟ್ಟಿ, ಮೇಲ್ವಿಚಾರಣೆ ಎಲ್ಲ ನಾನೇ ಮಾಡಿದೆ, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಅದನ್ನು ದಾಸೋಹವೆಂದೇ ತಿಳಿದಿದ್ದೆ. 38 ಲಕ್ಷ ಖರ್ಚಾಯಿತು.

ಅದೇ ವರ್ಷ ಅಲ್ಲಿಯ ಗಣಿತದ ಮಾಸ್ತರರು ನಿವೃತ್ತರಾದರು. ನನ್ನ ಮಗ ಅವರ ಹತ್ತಿರ ಕಲಿತವನು. ಅನುದಾನವಿಲ್ಲದ ವಿಭಾಗದಲ್ಲಿ 28 ವರ್ಷ ಸೇವೆ, ಕೊನೆಯ ಸಂಬಳ 18,000. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸನ್ಮಾನಪತ್ರ ಓದಿದೆವು. ಪತ್ರದಲ್ಲಿ 'ಕಾಯಕಯೋಗಿ' ಎಂಬ ಪದ ನಾಲ್ಕು ಕಡೆ ಇತ್ತು. ಮರುತಿಂಗಳು ಅವರು ಗ್ರಾಚ್ಯುಟಿ ಕೇಳಿ ಅರ್ಜಿ ಕೊಟ್ಟರು. ಮಂಡಳಿಯಲ್ಲಿ ಒಬ್ಬರು, "ಅದು ಸರ್ಕಾರಿ ನೌಕರರಿಗೆ ಇರುವುದು" ಎಂದರು. ಇನ್ನೊಬ್ಬರು, "ಸೇವೆ ಮಾಡಲು ಬಂದವರು ಹೀಗೆ ಕೇಳಬಾರದು" ಎಂದರು. ನಾನು ಸುಮ್ಮನೆ ಕೂತಿದ್ದೆ. ಅರ್ಜಿ ತಳ್ಳಿಹೋಯಿತು.

ಮನೆಗೆ ಬಂದು ಓದಿದೆ. 1972ರ ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ, ಖಾಸಗಿ ಶಾಲೆಯ ಶಿಕ್ಷಕರಿಗೂ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗಿದೆ. ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿದಿದೆ. ಲೆಕ್ಕ ಹೈಸ್ಕೂಲಿನದು: ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷದಿಂದ ಗುಣಿಸುವುದು. ಮಾಸ್ತರರಿಗೆ ಬರಬೇಕಾದದ್ದು 2,90,769 ರೂಪಾಯಿ. ನಮ್ಮ ಮಹಾದ್ವಾರದ ಕಲ್ಲಿನ ಕೆತ್ತನೆಗೇ ಅದಕ್ಕಿಂತ ಹೆಚ್ಚಾಗಿತ್ತು. ಬಿಲ್ಲಿಗೆ ಸಹಿ ಮಾಡಿದವನು ನಾನೇ.

ಭವಿಷ್ಯನಿಧಿಯನ್ನೂ ಸಂಸ್ಥೆ ಕಟ್ಟಿರಲಿಲ್ಲ. ಕಟ್ಟಿದ್ದರೂ ಆ ಯೋಜನೆಯ ಪಿಂಚಣಿ ಐದಾರು ಸಾವಿರ ದಾಟುವುದು ಕಷ್ಟ. ಕನಿಷ್ಠ ಪಿಂಚಣಿ 2014ರಿಂದ 1,000ದಲ್ಲೇ ನಿಂತಿದೆ. ಆದರೂ ಏನೂ ಇಲ್ಲದ ಮನೆಗೆ ಐದು ಸಾವಿರ ಎಂದರೆ ತಿಂಗಳ ರೇಷನ್ನು.

ಮಾಸ್ತರರು ಈಗ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮೊನ್ನೆ ಸಿಕ್ಕಾಗ ನಾನು ಮುಖ ತಪ್ಪಿಸಲು ನೋಡಿದೆ. ಅವರೇ ಕರೆದು, "ಸರ, ಮಹಾದ್ವಾರ ಬಾಳ ಛಂದ ಆಗೈತ್ರಿ" ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಸರ್ಕಾರ ಅನುದಾನ ಕೊಡುವುದಿಲ್ಲ, ಫೀಸು ಏರಿಸಿದರೆ ಬಡವರ ಮಕ್ಕಳು ಬರುವುದಿಲ್ಲ, ಮಠ ಎಲ್ಲಿಂದ ತರಬೇಕು ಎಂದು ಕೇಳುತ್ತಾರೆ. ಪ್ರಶ್ನೆ ನಿಜ. ಸಿದ್ಧಗಂಗೆಯಂಥ ಕಡೆ ಸಾವಿರಾರು ಮಕ್ಕಳು ಉಚಿತವಾಗಿ ಉಂಡು ಓದುತ್ತಾರೆ, ಅದರ ಭಾರ ಹೊತ್ತವರಿಗೇ ಗೊತ್ತು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಏಳು ಮಂದಿಯನ್ನು ಸಪ್ತರ್ಷಿಗಳೆಂದು ಕರೆಯುತ್ತೇವೆ. ತಾವೇ ಮನಸ್ಸು ಮಾಡಿ ತ್ಯಾಗ ಮಾಡಿದವರು ಅವರು. ಮಾಸ್ತರರ ವಿಷಯ ಹಾಗಲ್ಲ. ಅವರ ಬದಲಿಗೆ ತ್ಯಾಗ ಮಾಡುವ ನಿರ್ಧಾರವನ್ನು ನಾವು ಮಾಡಿಬಿಟ್ಟೆವು. ದಾಸೋಹ ನಾನು ಕೊಡುವುದು. ಮತ್ತೊಬ್ಬರ ಕೂಲಿಯನ್ನು ಹಿಡಿದಿಟ್ಟು ಮಾಡುವುದಕ್ಕೆ ಆ ಹೆಸರು ಒಪ್ಪುವುದಿಲ್ಲ. ಮೇಲಾಗಿ ಗ್ರಾಚ್ಯುಟಿಗೆ ಬೇಕಾದ ಹಣ ದೊಡ್ಡದೂ ಅಲ್ಲ. ವರ್ಷಕ್ಕೆ 15 ದಿನದ ಸಂಬಳ, ಅಂದರೆ ತಿಂಗಳ ಸಂಬಳದ ಶೇ. 5ರ ಆಸುಪಾಸು ಬೇರೆ ಖಾತೆಯಲ್ಲಿ ಇಡುತ್ತಾ ಹೋದರೆ ಬಹುಪಾಲು ಮುಗಿಯಿತು. ನಿವೃತ್ತಿಯ ದಿನ ಹುಡುಕಿದರೆ ಅದು ಗುಡ್ಡ, ತಿಂಗಳು ತಿಂಗಳು ಇಟ್ಟರೆ ಕಲ್ಲು.

ನಮ್ಮ ಮಂಡಳಿಯಲ್ಲಿ ಈ ವಿಷಯವನ್ನು ಮತ್ತೆ ಇಟ್ಟಿದ್ದೇನೆ. ಮಾಸ್ತರರ ಹಣಕ್ಕೆ ನನ್ನ ಪಾಲೆಂದು ಎರಡು ತಿಂಗಳ ಪಿಂಚಣಿ ಬರೆದಿದ್ದೇನೆ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ, ಉಳಿದ ಸದಸ್ಯರು ಇಲ್ಲೇ ಕೂತಿದ್ದಾರೆಂದು ಹೇಳುತ್ತಿದ್ದೇನೆ. ವಾರ್ಷಿಕ ವರದಿಯಲ್ಲಿ ಪ್ರತಿ ವರ್ಷ ಎರಡು ಅಂಕಿ ಅಚ್ಚಾಗಲಿ ಎಂದೂ ಕೇಳಿದ್ದೇನೆ: ಎಷ್ಟು ಸಿಬ್ಬಂದಿಗೆ ಭವಿಷ್ಯನಿಧಿ ಕಟ್ಟಿದೆ, ಗ್ರಾಚ್ಯುಟಿ ಖಾತೆಯಲ್ಲಿ ಎಷ್ಟಿದೆ. ಮುಂದಿನ ಸಭೆ ಈ ತಿಂಗಳ ಕೊನೆಗೆ.

ಕೊನೆಗೆ ಅಕ್ಕಂದಿರಿಗೆ ಒಂದು ಮಾತು. ಯಜಮಾನರು ಹೋದ ಮೇಲೆ ಪಿಪಿಒ ಎಲ್ಲಿದೆ ಎಂದು ಹುಡುಕುವ ಮನೆಗಳನ್ನು ಬಹಳ ನೋಡಿದ್ದೇನೆ. ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30. ಅವರು ಪಿಂಚಣಿ ಪರಿವರ್ತಿಸಿಕೊಂಡಿದ್ದರೂ ನಿಮ್ಮ ಪಾಲಿನಲ್ಲಿ ಕಡಿತವಿಲ್ಲ, ಯಾರಾದರೂ ಇದೆ ಎಂದರೆ ನಂಬಬೇಡಿ. ಪಿಪಿಒದಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ಎಂದು ಅವರು ಇರುವಾಗಲೇ ನೋಡಿಕೊಳ್ಳಿ. ನಾವು ಮೂವರು ನಿವೃತ್ತರು ಪ್ರತಿ ಶನಿವಾರ ಬೆಳಿಗ್ಗೆ 10ರಿಂದ 12ರವರೆಗೆ ಮಠದ ಗ್ರಂಥಾಲಯದಲ್ಲಿ ಕೂರುತ್ತೇವೆ. ಕಾಗದ ತನ್ನಿ. ಶಾಲೆಯ ಮಾಸ್ತರರು, ಅಡುಗೆಯವರು, ವಾಹನ ಚಾಲಕರೂ ಬರಬಹುದು.