ಶಿಕಾಗೋದಲ್ಲಿ ಮನೆ ಸಾಲ: ಮೈಬಣ್ಣದ ಲೆಕ್ಕ

ಕೇಳುಗರೇ, ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಯರ ಪತ್ರಗಳು ಬರುತ್ತಲೇ ಇವೆ. ‘ಮಗ ಶಿಕಾಗೋದಲ್ಲಿ ಮನೆ ತಗೊಳ್ತಿದ್ದಾನೆ. ಅಲ್ಲಿ ಮೈಬಣ್ಣ ನೋಡಿ ಸಾಲ ಕೊಡ್ತಾರಂತೆ, ನಿಜವೇ?’ ಕಾನೂನಿನ ಪ್ರಕಾರ ಹಾಗೆ ಮಾಡುವಂತಿಲ್ಲ. ಆದರೂ ಬಿಳಿಯರಿಗಿಂತ ಕಪ್ಪು ಜನರ ಅರ್ಜಿಗಳೇ ಹೆಚ್ಚು ತಿರಸ್ಕೃತವಾಗುತ್ತವೆ. ಸಾಲ ಕೊಡುವವರೇ ಸರ್ಕಾರಕ್ಕೆ ಒಪ್ಪಿಸುವ ಲೆಕ್ಕದಲ್ಲಿ ಇದು ವರ್ಷ ವರ್ಷವೂ ಕಾಣುತ್ತದೆ. ‘ಅವರಿಗೆ ಆದಾಯ ಕಡಿಮೆ, ಅಷ್ಟೇ’ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ.

ನಾರ್ತ್ ಲಾನ್‌ಡೇಲ್ ಎಂಬ ಶಿಕಾಗೋದ ಬಡಾವಣೆಯನ್ನೇ ನೋಡಿ. 1930ರ ದಶಕದ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಜನರಿದ್ದ ಬಡಾವಣೆಗಳಿಗೆ, ಸಾಲಕ್ಕೆ ಅಪಾಯದ ಜಾಗವೆಂದು ಕೆಂಪು ಬಣ್ಣ ಬಳಿದರು. 1934ರಲ್ಲಿ ಶುರುವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ ಅಂಥ ಕಡೆ ಸಾಲಕ್ಕೆ ವಿಮೆ ಕೊಡಲಿಲ್ಲ. ವಿಮೆಯಿಲ್ಲದ ಕಡೆ ಬ್ಯಾಂಕೂ ಬರಲಿಲ್ಲ. ಆಗ ಬಂದವರು ದಲ್ಲಾಳಿಗಳು. ‘ಕಪ್ಪು ಜನ ಬರ್ತಿದ್ದಾರೆ’ ಎಂದು ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಮನೆ ಕೊಂಡರು. ಕಪ್ಪು ಕುಟುಂಬಗಳಿಗೆ ಎಷ್ಟೋ ಸಲ ಎರಡರಷ್ಟು ಬೆಲೆಗೆ, ಕಂತಿನ ಕರಾರಿನ ಮೇಲೆ ಮಾರಿದರು. ಕೊನೆಯ ಕಂತು ತೀರುವವರೆಗೂ ಕ್ರಯಪತ್ರ ಮಾರಿದವನ ಹತ್ತಿರವೇ.

ಇದನ್ನು ಇನ್ನೊಮ್ಮೆ ಹೇಳುತ್ತೇನೆ. ಹತ್ತು ವರ್ಷ ಕಂತು ಕಟ್ಟಿದ್ದೀರಿ, ಮನೆ ನಿಮ್ಮದಲ್ಲ. ಸೂರು ಸೋರಿದರೆ ರಿಪೇರಿ ನಿಮ್ಮ ಖರ್ಚು, ಮನೆ ನಿಮ್ಮದಲ್ಲ. ಒಂದು ಕಂತು ತಪ್ಪಿತೋ, ಮನೆಯೂ ಹೋಯಿತು, ಕಟ್ಟಿದ್ದೂ ಹೋಯಿತು. ಅದೇ ಮನೆ ಇನ್ನೊಬ್ಬರಿಗೆ ಮಾರಾಟ. ಇವರಿಗೆ ಆದಾಯ ಇರಲಿಲ್ಲವೇ? ಬ್ಯಾಂಕಿನ ಕಂತಿಗಿಂತ ಹೆಚ್ಚು ಕಟ್ಟಿದವರು ಸ್ವಾಮಿ ಅವರು! 1968ರಲ್ಲಿ ಸಂಘ ಕಟ್ಟಿಕೊಂಡು ಕಂತು ತಡೆಹಿಡಿದರು, ಕೆಲವರ ಕರಾರು ಸಡಿಲವಾಯಿತು. ಆದರೆ ಅಪ್ಪ ಮಾಡಿಟ್ಟ ಮನೆ ಇಲ್ಲದವನ ಮಗನಿಗೆ ಇವತ್ತು ಮುಂಗಡದ ದುಡ್ಡು ಎಲ್ಲಿಂದ ಬರಬೇಕು?

ಅದೇ 1968ರಲ್ಲಿ ಮನೆಯ ವಿಚಾರದಲ್ಲಿ ಭೇದಭಾವ ನಿಷೇಧಿಸುವ ಕಾನೂನು ಬಂತು. ಯಾವ ಬಡಾವಣೆಗೆ ಎಷ್ಟು ಸಾಲ ಎಂದು ಬಯಲು ಮಾಡಿಸುವ 1975ರ ಕಾನೂನಿಗಾಗಿ ಹೋರಾಡಿದವರಲ್ಲಿ ಮುಂದಿದ್ದವರು ಶಿಕಾಗೋದ ಗೃಹಿಣಿ ಗೇಲ್ ಸಿಂಕೋಟಾ.

ಇದು ಅಮೆರಿಕದ ಮಾತಷ್ಟೇ ಅಲ್ಲ. ನಾನು ಇಲ್ಲಿ ನಮ್ಮಲ್ಲೇ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿದ್ದಾಗ, ‘ಅದು ನೆಗೆಟಿವ್ ಏರಿಯಾ’, ಅಂದರೆ ಸಾಲ ಕೊಡಬಾರದ ಜಾಗ, ಎಂದು ಕಡತವನ್ನೇ ತೆರೆಯದೆ ಪಕ್ಕಕ್ಕಿಟ್ಟದ್ದನ್ನು ಕಂಡಿದ್ದೇನೆ. ಅರ್ಜಿದಾರನಿಗೆ ಹೇಳಿದ್ದು ಮಾತ್ರ ‘ದಾಖಲೆ ಸಾಲದು’.

ಸಮಯ ಮುಗಿಯಿತು, ಸಲಹೆ ಚುಟುಕಾಗಿ ಹೇಳುತ್ತೇನೆ. ಮಗ ಮೂರ್ನಾಲ್ಕು ಕಡೆ ಬಡ್ಡಿ ವಿಚಾರಿಸಲಿ. ಸಾಲ ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಲಿ. ಅಲ್ಲಿ ಅದು ಹಕ್ಕು. ಮನೆಯ ಮೌಲ್ಯಮಾಪನದ ಪ್ರತಿಯನ್ನೂ ಪಡೆಯಲಿ. ಕಂತಿನ ಕರಾರಿನ ಮಾರಾಟ ಅಮೆರಿಕದಲ್ಲಿ ಇಂದಿಗೂ ಪೂರ್ತಿ ನಿಂತಿಲ್ಲ. ಕ್ರಯಪತ್ರ ಯಾರ ಹೆಸರಿಗೆ, ಯಾವತ್ತು ಎಂದು ತಿಳಿಯದೆ ಮುಂಗಡ ಕೊಡಬೇಡವೆಂದು ದಯವಿಟ್ಟು ಅವನಿಗೆ ಹೇಳಿ.