ಬೇಸಗೆಗೆ ಮುನ್ನ ಹೊಗೆಗೂಡು

ವೀರನಹೊಸಹಳ್ಳಿ ಎಂದೊಡನೆ ನಿಮಗೆ ನೆನಪಾಗುವುದು ದಸರೆಯ ಗಜಪಯಣ. ಹುಣಸೂರಿನಿಂದ ನಾಗರಹೊಳೆಗೆ ಹೋಗುವ ಹಾದಿಯಲ್ಲಿ, ಕಾಡಿನ ಬಾಗಿಲಲ್ಲಿರುವ ಆ ಊರಿನಿಂದ ಆನೆಗಳು ಪೂಜೆಗೊಂಡು ಮೈಸೂರಿನತ್ತ ಹೊರಡುವ ಸಂಭ್ರಮವನ್ನು ನೀವು ಕಣ್ಣಾರೆ ಕಾಣದಿದ್ದರೂ ರೇಡಿಯೋದಲ್ಲಿ ಕೇಳಿಯಾದರೂ ಇರುತ್ತೀರಿ. ಅದು ಮಳೆಗಾಲದ ಮಾತು. ಇಂದು ನಾನು ನಿಮ್ಮನ್ನು ಅದೇ ಸೀಮೆಗೆ ಬೇಸಗೆಯ ಹೊಸ್ತಿಲಲ್ಲಿ ಕರೆದೊಯ್ಯಬೇಕೆಂದಿದ್ದೇನೆ. ಆನೆಯನ್ನು ತೋರಿಸುವುದಕ್ಕಲ್ಲ, ಒಲೆಯನ್ನು ತೋರಿಸುವುದಕ್ಕೆ.

ಚಳಿ ಕಳೆದು ಬಿಸಿಲೇರುತ್ತಿದ್ದಂತೆ ನಾಗರಹೊಳೆಯ ಕಾಡು ಎಲೆಯುದುರಿಸಿ ನಿಲ್ಲುತ್ತದೆ. ನೆಲದ ತರಗು ಒಂದು ಕಿಡಿಗೆ ಹತ್ತಿಕೊಳ್ಳುವಷ್ಟು ಒಣಗುತ್ತದೆ. ಅರಣ್ಯ ಇಲಾಖೆಯವರು ಅದಕ್ಕೆ ಮೊದಲೇ ಹುಲ್ಲು ತರಗುಗಳನ್ನು ಸವರಿ ಬೆಂಕಿರೇಖೆಗಳನ್ನು ಮಾಡಿ, ಕಾವಲಿಗೆ ಆಳುಗಳನ್ನು ನಿಲ್ಲಿಸುತ್ತಾರೆ. ಇತ್ತ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತರಿಗೂ ಮತ್ತೊಂದು ಬೆಂಕಿಯ ಚಿಂತೆ ಉಂಟು. ಅದು ತಂಬಾಕು ಹದಮಾಡುವ ಬ್ಯಾರನ್ನಿನದು. ಅದರ ಒಲೆಯ ಬಾಯಿ ಹೊರಗೆ. ಒಳಗೆ ನೆಲದುದ್ದಕ್ಕೂ ತಗಡಿನ ಕೊಳವೆಗಳು. ಬೆಂಕಿಯ ಕಾವು ಕೊಳವೆಯಲ್ಲಿ ಹರಿದು ಗೂಡನ್ನು ಬಿಸಿ ಮಾಡುತ್ತದೆ. ಹೊಗೆ ಮಾತ್ರ ಹೊಗೆಗೂಡಿನಿಂದ ಹೊರಗೆ ಹೋಗುತ್ತದೆ. ಕೊಳವೆ ತುಕ್ಕು ಹಿಡಿದು ತೂತಾದರೆ ಹೊಗೆ ಸೊಪ್ಪಿಗೆ ತಾಕಿ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಕಿಡಿ ಹಾರಿದರೆ ಗೂಡೇ ಸುಟ್ಟುಹೋಗುತ್ತದೆ. ಆದುದರಿಂದ ಹದಮಾಡುವ ಕಾಲ ಬರುವ ಮೊದಲೇ ರೈತನು ಕೊಳವೆಗಳನ್ನು ತಟ್ಟಿ ನೋಡಿ, ಸಂದುಗಳನ್ನು ಮುಚ್ಚಿ, ಮಸಿ ತೆಗೆದು ಸಿದ್ಧಮಾಡಿಕೊಳ್ಳುತ್ತಾನೆ.

ಇಲ್ಲಿ ಒಂದು ಸೋಜಿಗವಿದೆ. ಆ ಬೆಳೆಗೆ ಕನ್ನಡದಲ್ಲಿ ಹೊಗೆಸೊಪ್ಪು ಎಂದು ಹೆಸರು. ಆದರೆ ಬ್ಯಾರನ್ನಿನಲ್ಲಿ ಹದವಾಗುವ ಸೊಪ್ಪಿಗೆ ಕಾವು ಬೇಕು, ಹೊಗೆ ಕೂಡದು. ಹೊಗೆಯ ಹೆಸರನ್ನೇ ಹೊತ್ತ ಸೊಪ್ಪನ್ನು ಹೊಗೆಯಿಂದ ಇಷ್ಟು ಜೋಪಾನವಾಗಿ ಕಾಯುವ ನಾವು, ಅದೇ ಅಂಗಳದ ಆಚೆಯ ಅಡುಗೆಮನೆಯಲ್ಲಿ ಮುದ್ದೆ ತಿರುವುವ ತಾಯಿಯನ್ನು ಹೊಗೆಯಲ್ಲಿಯೇ ಕೂರಿಸಿರುತ್ತೇವೆ.

ಪರರನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ನಮ್ಮ ತಾಯಿ ನಲವತ್ತು ವರ್ಷ ಊದುಗೊಳವೆ ಹಿಡಿದವರು. ಕೊನೆಗಾಲದಲ್ಲಿ ಕೆಮ್ಮು ಹತ್ತಿ, ನಾಲ್ಕು ಮೆಟ್ಟಿಲು ಏರಲಾರದಂತಾದಾಗ, ವೈದ್ಯರು ಎದೆ ಪರೀಕ್ಷಿಸಿ, “ಇವರಿಗೆ ಬೀಡಿ ಸೇದುವ ಅಭ್ಯಾಸವಿತ್ತೆ?” ಎಂದು ಕೇಳಿದರು. ನನಗೆ ಕೋಪ ಬಂತು. ಮನೆಗೆ ಬಂದು ಅಡುಗೆಮನೆಯಲ್ಲಿ ತಲೆಯೆತ್ತಿ ನೋಡಿದಾಗ ಆ ಕೋಪ ಇಳಿಯಿತು. ಹೆಂಚಿನಡಿ ಇಲ್ಲಣ ಜೋಲಾಡುತ್ತಿತ್ತು. ಹೊಗೆಗೂಡಿನ ಕೊಳವೆಯೊಳಗೆ ಮುಷ್ಟಿ ತೂರುವಷ್ಟೂ ಎಡೆಯಿರಲಿಲ್ಲ. ತರಗತಿಯಲ್ಲಿ ಒಂದು ಮಾತ್ರೆ ತಪ್ಪಿದರೂ ತಿದ್ದುತ್ತಿದ್ದ ನಾನು ಆ ಕೊಳವೆಯನ್ನು ಒಂದು ಸಲವೂ ಇಣಿಕಿ ನೋಡಿದವನಲ್ಲ.

ಇದು ಒಂದು ಮನೆಯ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ನೆಯ ಇಸವಿಯೊಂದರಲ್ಲಿಯೇ ಮನೆಯೊಳಗಣ ಹೊಗೆಯ ದೆಸೆಯಿಂದ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ 2 ಲಕ್ಷ 37 ಸಾವಿರಕ್ಕೂ ಮಿಗಿಲು.

ಪರಿಹಾರ ಹುಡುಕಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಸೌದೆ ಕಡಮೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ಅಸ್ತ್ರ ಒಲೆ ಅಲ್ಲಿಂದ ಬಂದು 1980ರ ದಶಕದಲ್ಲಿ ಹಳ್ಳಿಗಳನ್ನು ಸೇರಿತು. ಆದರೆ ಹೊಗೆರಹಿತ ಒಲೆಗಳನ್ನು ಹಾಕಿಸಿಕೊಂಡ ಎಷ್ಟೋ ಮನೆಗಳಲ್ಲಿ ಕೊಳವೆಯನ್ನು ಗುಡಿಸುವವರಿಲ್ಲದೆ ಮಸಿ ಕಟ್ಟಿಕೊಂಡು ಹೊಗೆ ಮರಳಿ ಒಳಕ್ಕೇ ನುಗ್ಗಿತು. ಒಲೆಯೇ ಸರಿಯಿಲ್ಲವೆಂದು ಜನ ಅದನ್ನು ಒಡೆದುಹಾಕಿದರು. 2016ರ ಉಜ್ವಲಾ ಯೋಜನೆಯಿಂದ ಅನಿಲದ ಸಿಲಿಂಡರು ಎಷ್ಟೋ ಮನೆಗಳಿಗೆ ಬಂದುದು ನಿಜ. ಆದರೂ ಮುದ್ದೆಗೆ, ಸ್ನಾನದ ನೀರಿಗೆ ಸೌದೆಯ ಒಲೆ ಇನ್ನೂ ಹಲವೆಡೆ ಉರಿಯುತ್ತಲೇ ಇದೆ. ಪಟ್ಟಣದ ನಿಮ್ಮಲ್ಲಿಯೂ ಕೆಲವರ ಬಚ್ಚಲಲ್ಲಿ ಹಂಡೆಯ ಒಲೆ ಉಂಟಷ್ಟೆ.

ಮಸಿ ಸ್ವಲ್ಪ ಕಟ್ಟಿದರೆ ಏನು ಮಹಾ ಎನ್ನಬೇಡಿ. ಶಾಲೆಯ ಲೆಕ್ಕ ಹಾಕಿ ನೋಡಿ. ನಾಲ್ಕು ಅಂಗುಲ ಅಗಲದ ಕೊಳವೆಯ ಒಳಸುತ್ತಿನಲ್ಲಿ ಅರ್ಧ ಅಂಗುಲ ಮಸಿ ಕಟ್ಟಿದರೆ ಉಳಿಯುವ ಬಾಯಿ ಮೂರು ಅಂಗುಲ. ನಾಲ್ಕರ ವರ್ಗ ಹದಿನಾರು, ಮೂರರ ವರ್ಗ ಒಂಬತ್ತು. ಎಂದರೆ ಹೊಗೆಯ ದಾರಿಯಲ್ಲಿ ಹದಿನಾರರಲ್ಲಿ ಏಳು ಪಾಲು ಮುಚ್ಚಿಹೋಯಿತು. ಮೇಲಾಗಿ ಹಸಿ ಸೌದೆಯ ಹೊಗೆಯಿಂದ ಕಟ್ಟುವ ಜಿಗುಟು ಮಸಿ ತಾನೇ ಹತ್ತಿ ಉರಿಯಬಲ್ಲುದು. ಬೇಸಗೆಯಲ್ಲಿ ಮಾಡಿನ ಗಳು ಗರಿಗಳು ಒಣಗಿ, ಗಾಳಿ ಬೀಸುತ್ತಿರುವಾಗ ಕೊಳವೆಯ ತುದಿಯಿಂದ ಹಾರಿದ ಕಿಡಿ ಎಲ್ಲಿ ಬೀಳುವುದೋ ಬಲ್ಲವರಾರು? ಈ ಕೆಲಸಕ್ಕೆ ಬೇಸಗೆಯ ಮೊದಲೇ ಕೈಹಚ್ಚಬೇಕೆನ್ನುವುದು ಇದಕ್ಕಾಗಿ.

ಇನ್ನು ಮಾಡುವ ಬಗೆ. ಮೊದಲು ಒಲೆಯನ್ನು ಒಂದು ಹಗಲು ಒಂದು ರಾತ್ರಿ ಪೂರ್ತಿ ಆರಲು ಬಿಡಿ. ಬೂದಿಯ ಅಡಿಯಲ್ಲಿ ಕೆಂಡ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಪಾತ್ರೆಪದಾರ್ಥಗಳನ್ನು ಹೊರಗಿಟ್ಟು, ಒಲೆಯ ಬಾಯಿಗೆ ಒದ್ದೆಯ ಗೋಣಿ ಕಟ್ಟಿ. ಮೂಗು ಬಾಯಿಗಳಿಗೂ ಬಟ್ಟೆ ಇರಲಿ. ಕೊಳವೆಯ ಮೇಲಣ ಟೊಪ್ಪಿಗೆಯನ್ನು ತೆಗೆದು, ತೆಂಗಿನ ನಾರಿನ ಕಟ್ಟಿಗೆ ಒಂದು ಕಲ್ಲನ್ನು ಸೇರಿಸಿ ಹಗ್ಗದಲ್ಲಿ ಇಳಿಬಿಟ್ಟು, ಮೇಲಕ್ಕೂ ಕೆಳಕ್ಕೂ ಎಳೆದು ಉಜ್ಜಿ. ಹೆಂಚಿನ ಮೇಲೆ ಹತ್ತುವ ಕೆಲಸ ಬಲ್ಲವರದು. ಏಣಿ ಹಿಡಿಯಲು ಮತ್ತೊಬ್ಬರಿರಬೇಕು. ಕೆಲವು ತಿಂಗಳು ಉರಿಸದ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿರುವುದುಂಟು. ಮೊಟ್ಟೆ ಮರಿಗಳಿದ್ದರೆ ಅವು ಹಾರಿಹೋಗುವತನಕ ಆ ಒಲೆಗೆ ರಜೆ ಕೊಡಿ.

ಉದುರಿದ ಮಸಿಯನ್ನು ಬಳಿದು ತೆಗೆದ ಮೇಲೆ ಒಂದು ಹಿಡಿ ಹುಲ್ಲು ಹೊತ್ತಿಸಿ ನೋಡಿ. ಸಂದುಗಳಿಂದ ಎಳೆ ಹೊಗೆ ಬಂದರೂ ಒಲೆ ಆರಿದ ಮೇಲೆ ಅಲ್ಲಿ ಜೇಡಿಮಣ್ಣು, ಸೆಗಣಿ ಕಲಸಿ ಮೆತ್ತಬೇಕು. ಕೊಳವೆ ಮಾಡನ್ನು ಹಾಯುವಲ್ಲಿ ಮರವಾಗಲಿ ಗರಿಯಾಗಲಿ ತಾಗಿರಬಾರದು. ತುದಿ ಮಾಡಿಗಿಂತ ಎರಡು ಮೂರು ಅಡಿಯಾದರೂ ಮೇಲಿದ್ದರೆ ಹೊಗೆಗೆ ಎಳೆತ ಸಿಕ್ಕುತ್ತದೆ. ಬಚ್ಚಲಲ್ಲಿ ಒಲೆ ಇರುವವರು ಬಾಗಿಲು ಕಿಟಕಿಗಳೆಲ್ಲವನ್ನೂ ಭದ್ರಪಡಿಸಿ ಉರಿಯ ಪಕ್ಕದಲ್ಲಿ ಸ್ನಾನ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಜೀವ ತೆಗೆಯುವ ಶಕ್ತಿಯುಂಟು.

ಬೂದಿಯ ಮಾತನ್ನೂ ಹೇಳಿಬಿಡುತ್ತೇನೆ. ಅದನ್ನು ತಗಡಿನ ಡಬ್ಬದಲ್ಲಿ ತುಂಬಿ, ನೀರು ಚಿಮುಕಿಸಿ, ಕೈಯಿಟ್ಟರೆ ತಣ್ಣಗಿರುವಂತಾದ ಮೇಲೆಯೇ ತಿಪ್ಪೆಗೆ ಹಾಕತಕ್ಕದ್ದು. ಬೇಲಿಯ ಬುಡಕ್ಕೆ, ಹುಲ್ಲಿನ ಮೆದೆಯ ಮಗ್ಗುಲಿಗೆ ಸುರಿಯಲಾಗದು. ಕಾಡಂಚಿನ ಊರುಗಳಲ್ಲಿ ಹಿತ್ತಿಲಿಗೂ ಕಾಡಿಗೂ ನಡುವೆ ಇರುವುದು ಕೆಲವೊಮ್ಮೆ ಒಂದು ಹೊಲ ಮಾತ್ರ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲವೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಎದೆ ಹೊಗೆಯಿಂದ ತುಂಬಿದ ಮೇಲೆ ಕೊಳವೆ ಗುಡಿಸಿದರೂ ಅಷ್ಟೆ. ನಾನು ಗುಡಿಸಿದ್ದು ಆ ಮೇಲೆ. ನೀವು ಹಾಗೆ ಮಾಡಬೇಡಿ. ಈ ಸಲ ಬೇಸಗೆಯ ರಜೆಗೆ ಊರಿಗೆ ಹೋದಾಗ ಹಣ್ಣು ಹೂವುಗಳ ಜೊತೆಗೆ ಒಂದು ಹಗ್ಗ, ಒಂದು ಹಿಡಿ ತೆಂಗಿನ ನಾರು ಒಯ್ಯಿರಿ. ಚೀಲ ಇಳಿಸಿದವರೇ ಅಡುಗೆಮನೆಗೆ ಹೋಗಿ ಒಮ್ಮೆ ತಲೆಯೆತ್ತಿ ನೋಡಿ. ಗುಡಿಸುವ ಕೆಲಸವನ್ನು ತಾಯಂದಿರಿಗೆ ಬಿಡಬೇಡಿ. ಅವರು ಆ ಹೊಗೆಯನ್ನು ಸಾಕಷ್ಟು ಕುಡಿದಿದ್ದಾರೆ.